ಕಂಪ್ಯೂಟರ್ ಆಟದಲ್ಲಿ ಮೋಸ ಮತ್ತು ಕಾನೂನು



ಆಟದಲ್ಲಿ ಯಾರಾದರೂ ತಪ್ಪು ದಾರಿ ಹಿಡಿದರೆ ಕನ್ನಡ ತರಗತಿಯ ಮಕ್ಕಳು "ಮೋಸ, ಮೋಸ" ಎಂದು ಕೂಗುತ್ತಾರೆ, ಉರ್ದು ತರಗತಿಯವರು "ಬೇಈಮಾನಿ" ಎನ್ನುತ್ತಾರೆ. ಎರಡೂ ಕಡೆ ಪಾಠ ಮಾಡುವ ನನಗೆ ಎರಡೂ ಕೂಗು ಚೆನ್ನಾಗಿ ಪರಿಚಯ. ಆದರೆ ಮೋಸದ ತಂತ್ರಾಂಶ ತಯಾರಿಸಿ ಮಾರುವವರ ಮೇಲೆ ಆಟದ ಕಂಪನಿಗಳು ಕೋರ್ಟಿಗೆ ಹೋದಾಗ ಈ ಕೂಗಷ್ಟೇ ಸಾಲದು. ಕೃತಿಸ್ವಾಮ್ಯ ಕಾನೂನಿನಲ್ಲಿ 'ಮೋಸದ ಆಟ' ಎಂಬ ಅಪರಾಧವೇ ಇಲ್ಲ. ಹಾಗಾದರೆ ಕಂಪನಿ ಗೆಲ್ಲುವುದು ಹೇಗೆ?

ಅಮೆರಿಕದ ಒಂದು ಮೊಕದ್ದಮೆಯನ್ನು ನೋಡಿ. ಬ್ಲಿಜಾರ್ಡ್ ಕಂಪನಿಯ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದಲ್ಲಿ ಮೇಲಿನ ಹಂತಕ್ಕೇರಲು ಗಂಟೆಗಟ್ಟಲೆ ಶ್ರಮಿಸಬೇಕು. 'ಗ್ಲೈಡರ್' ಎಂಬ ತಂತ್ರಾಂಶ ಆ ಶ್ರಮವನ್ನು ತಾನೇ ಮಾಡುತ್ತಿತ್ತು. ಆಟಗಾರ ಮಲಗಿದ್ದರೂ ಆಟ ಸಾಗುತ್ತಿತ್ತು. (ಹೋಂವರ್ಕಿಗೆ ಇಂಥದ್ದು ಬೇಕೆಂದು ನಿಮ್ಮಲ್ಲಿ ಕೆಲವರು ಈಗಲೇ ಯೋಚಿಸುತ್ತಿರಬಹುದು!) 2008ರ ಸೆಪ್ಟೆಂಬರ್ ವೇಳೆಗೆ ಅದರ 1,20,000 ಪರವಾನಗಿಗಳು ಮಾರಾಟವಾಗಿ 35 ಲಕ್ಷ ಡಾಲರ್ ಬಂದಿತ್ತು. ಬ್ಲಿಜಾರ್ಡ್ 'ವಾರ್ಡನ್' ಎಂಬ ಕಾವಲು ತಂತ್ರಾಂಶವನ್ನು ಇಟ್ಟಿತು. ಗ್ಲೈಡರ್ ಅದರ ಕಣ್ಣು ತಪ್ಪಿಸುವುದನ್ನೂ ಕಲಿತಿತು.

2010ರ ಡಿಸೆಂಬರಿನಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ತೀರ್ಪು ನೀಡಿತು. ಇಂಥ ತಂತ್ರಾಂಶ ಬಳಸಬಾರದೆಂಬ ಷರತ್ತನ್ನು ಮುರಿದ ಮಾತ್ರಕ್ಕೆ ಆಟಗಾರ ಕೃತಿಸ್ವಾಮ್ಯ ಉಲ್ಲಂಘಿಸಿದಂತಾಗುವುದಿಲ್ಲ ಎಂದಿತು. ಆದರೆ ವಾರ್ಡನ್ ಒಂದು ಬೀಗ. ಆ ಬೀಗ ಮುರಿಯುವ ಸಾಧನ ಮಾರುವುದು 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆಗೆ ವಿರುದ್ಧ ಎಂದೂ ಹೇಳಿತು. ಅಂದರೆ ಆಟ ಕೆಡಿಸಿದ್ದಕ್ಕಲ್ಲ, ಬೀಗ ಮುರಿದದ್ದಕ್ಕೆ ಹೊಣೆ.

ಬೀಗವೂ ಇಲ್ಲ, ನಕಲೂ ಇಲ್ಲವೆಂದರೆ? ಸೋನಿ ಕಂಪನಿಯ ಕಿಸೆ ಯಂತ್ರದ ಒಂದು ಮೋಟಾರು ಪಂದ್ಯದಲ್ಲಿ ಟರ್ಬೋ ವೇಗಕ್ಕೆ ಇದ್ದ ಮಿತಿಯನ್ನು ಡೇಟೆಲ್ ಕಂಪನಿಯ ಸಾಧನ ತೆಗೆದುಹಾಕುತ್ತಿತ್ತು. 2024ರ ಅಕ್ಟೋಬರ್ 17ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು, ಆಟದ ಸಂಕೇತವನ್ನು ಮುಟ್ಟದೆ ಯಂತ್ರದ ನೆನಪಿನಲ್ಲಿರುವ ಅಂಕಿಗಳನ್ನಷ್ಟೇ ಬದಲಿಸಿದರೆ, ತಂತ್ರಾಂಶಕ್ಕೆ ಕಾನೂನು ಕೊಡುವ ರಕ್ಷಣೆ ಅದಕ್ಕೆ ಅನ್ವಯಿಸದು ಎಂದಿತು. ಅದೇ ವರ್ಷ ಮೇ ತಿಂಗಳಲ್ಲಿ ಸಿಯಾಟಲ್‌ನ ಜ್ಯೂರಿ, 'ಡೆಸ್ಟಿನಿ 2' ಆಟಕ್ಕೆ ಮೋಸದ ತಂತ್ರಾಂಶ ಮಾರಿದವರು ಬಂಗೀ ಕಂಪನಿಯ ಕೃತಿಸ್ವಾಮ್ಯ ಉಲ್ಲಂಘಿಸಿದ್ದಾರೆಂದು ತೀರ್ಮಾನಿಸಿ 63,210 ಡಾಲರ್ ಕೊಡಿಸಿತು.

ನನ್ನ ಮನಸ್ಸಿಗೆ ಚುಚ್ಚುವುದು ಒಂದೇ. ಪ್ರಾಮಾಣಿಕವಾಗಿ ಆಡಿ ಸೋತ ಹುಡುಗ ಈ ಮೊಕದ್ದಮೆಗಳಲ್ಲಿ ವಾದಿಯಲ್ಲ. ಪರಿಹಾರದ ಹಣದಲ್ಲಿ ಅವನಿಗೆ ಪಾಲಿಲ್ಲ. ಅವನ ಬೇಸರಕ್ಕೆ ಲೆಕ್ಕ ಸಿಗುವುದು ಕಂಪನಿಯ ಗಿರಾಕಿ ಕಡಿಮೆಯಾದಾಗ ಮಾತ್ರ. ಕಂಪನಿಯ ನಷ್ಟ ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ; ಆದರೆ ಮೊದಲ ನಷ್ಟ ಎದುರಿಗೆ ಕುಳಿತವನದು.

ಮಕ್ಕಳ ಮೇಲೆ ಯಾರು ಕೇಸು ಹಾಕುತ್ತಾರೆ ಎಂದು ಕೇಳುವಿರಾ? 2017ರಲ್ಲಿ 'ಫೋರ್ಟ್‌ನೈಟ್' ಆಟದ ಎಪಿಕ್ ಕಂಪನಿ ಅಮೆರಿಕದಲ್ಲಿ ಹೂಡಿದ ಮೊಕದ್ದಮೆಗಳಲ್ಲಿ ಒಬ್ಬ ಪ್ರತಿವಾದಿಗೆ ಕೇವಲ 14 ವರ್ಷ. ಮೋಸದ ತಂತ್ರಾಂಶ ತೋರಿಸುವ ವೀಡಿಯೊವನ್ನು ಅವನು ಹಾಕಿದ್ದ. ಕಂಪನಿಯ ದೂರಿನಿಂದ ಅದನ್ನು ತೆಗೆದಾಗ ಆಕ್ಷೇಪಣೆಯನ್ನೂ ಸಲ್ಲಿಸಿದ್ದ. ಆಗ ಅವನ ತಾಯಿ ನ್ಯಾಯಾಲಯಕ್ಕೆ ಪತ್ರ ಬರೆದರು: ಮಗ ಅಪ್ರಾಪ್ತ ವಯಸ್ಕ, ಆಟದ ಒಪ್ಪಂದಕ್ಕೆ ತಾನು ಸಮ್ಮತಿ ಕೊಟ್ಟಿರಲಿಲ್ಲ, ಆ ತಂತ್ರಾಂಶವನ್ನು ತಯಾರಿಸಿದವನು ಅವನಲ್ಲ ಎಂದು. ಪತ್ರದಿಂದ ಕೇಸು ಮುಗಿಯಲಿಲ್ಲ. ಅದನ್ನು ವಜಾಗೊಳಿಸಬೇಕೆಂಬ ಕೋರಿಕೆಯನ್ನು ನ್ಯಾಯಾಧೀಶರು 2018ರಲ್ಲಿ ತಳ್ಳಿಹಾಕಿದರು.