ಡಾರ್ವಿನ್ನಿನಲ್ಲಿ ಒಂದು ಹಗಲು

ಪ್ರಯಾಣ ಹೊರಟವರು ತಲುಪಬೇಕಾದ ಊರನ್ನು ನೆನೆಯುತ್ತಾರೆಯೇ ಹೊರತು, ನಡುದಾರಿಯಲ್ಲಿ ತಂಗುವ ಊರಿಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸುವುದಿಲ್ಲ. ಸಿಂಗಾಪುರದಿಂದ ಸಿಡ್ನಿಗೆ ಹೋಗುವಾಗ, ವಿಮಾನ ಬದಲಾಯಿಸುವ ಸಲುವಾಗಿ ಆಸ್ಟ್ರೇಲಿಯಾದ ಡಾರ್ವಿನ್ ನಗರದಲ್ಲಿ ಒಂದು ಹಗಲು ನಿಲ್ಲಬೇಕಾಗಿ ಬಂದಿತು. ನಿದ್ದೆಗೆಟ್ಟಿದ್ದ ನಾನು ಹೋಟೆಲಿನ ಕೊಠಡಿಯಲ್ಲಿಯೇ ಮಲಗಿರೋಣವೆಂದೆ. ನನ್ನ ಪತ್ನಿ ಒಪ್ಪಲಿಲ್ಲ. “ಇಷ್ಟು ದೂರ ಬಂದು ಗೋಡೆ ನೋಡುತ್ತ ಕೂರೋಣವೆ?” ಎಂದಳು.

ಭೂಮಧ್ಯರೇಖೆಗೆ ನಮ್ಮ ಮೈಸೂರು ಉತ್ತರದಲ್ಲಿ ಎಷ್ಟು ದೂರವೋ, ಡಾರ್ವಿನ್ ದಕ್ಷಿಣದಲ್ಲಿ ಹೆಚ್ಚು ಕಡಿಮೆ ಅಷ್ಟೇ ದೂರ. ಎರಡೂ ಕಡೆ ಸುಮಾರು ೧೨ ಡಿಗ್ರಿ. ಆದುದರಿಂದ ಮಾವೂ ದೇವಕಣಗಿಲೆಯೂ ಅಲ್ಲಿ ಪರದೇಶದ ಗಿಡಗಳಂತೆ ತೋರಲಿಲ್ಲ. ಅದು ಲರಾಕಿಯಾ ಎಂಬ ಮೂಲನಿವಾಸಿಗಳ ನೆಲ. ೧೮೩೯ರಲ್ಲಿ ‘ಬೀಗಲ್’ ನೌಕೆಯವರು ಅಲ್ಲಿನ ಬಂದರಿಗೆ ತಮ್ಮ ಹಿಂದಿನ ಸಹಪ್ರಯಾಣಿಕ ಚಾರ್ಲ್ಸ್ ಡಾರ್ವಿನ್ನನ ಹೆಸರನ್ನಿಟ್ಟರು. ಆತನು ಆ ಸ್ಥಳವನ್ನು ಎಂದೂ ಕಾಣಲಿಲ್ಲ.

ಬೀದಿಗಳು ಅಗಲವಾಗಿದ್ದುವು, ಕಟ್ಟಡಗಳೆಲ್ಲ ಹೊಸತು. “ಈ ಊರಿಗೆ ಹಳಮೆಯೇ ಇಲ್ಲ” ಎಂದು ನಾನು ತೀರ್ಪು ಕೊಟ್ಟೆ. ಆ ಮಾತಿಗಾಗಿ ನಾಚಿಕೊಂಡುದು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ.

೧೯೪೨ನೆಯ ಇಸವಿ ಫೆಬ್ರವರಿ ೧೯ರಂದು ಜಪಾನೀಯರ ವಿಮಾನಗಳು ಎರಡು ಬಾರಿ ಎರಗಿ, ಬಂದರನ್ನೂ ಊರನ್ನೂ ಹಾಳುಗೆಡವಿದುವು; ಕಡೆಯಪಕ್ಷ ೨೩೫ ಮಂದಿ ಮಡಿದರು. ಮತ್ತೆ ಕಟ್ಟಿದ ಊರಿನ ಮೇಲೆ ೧೯೭೪ರ ಕ್ರಿಸ್‌ಮಸ್ ಹಬ್ಬದ ಹಿಂದಿನ ರಾತ್ರಿ ‘ಟ್ರೇಸಿ’ ಎಂಬ ಚಂಡಮಾರುತ ಬಂದಿತು. ರೇಡಿಯೋ ಎಚ್ಚರಿಕೆ ಕೊಡುತ್ತಲೇ ಇದ್ದಿತು. ಆದರೆ ಅದೇ ತಿಂಗಳ ಆದಿಯಲ್ಲಿ ಇನ್ನೊಂದು ಬಿರುಗಾಳಿ ಊರಿನ ಸಮೀಪಕ್ಕೆ ಬಂದು ಸರಿದುಹೋಗಿದ್ದುದರಿಂದ, ಹಬ್ಬದ ಸಡಗರದಲ್ಲಿದ್ದ ಅನೇಕರು ಕಿವಿಗೊಡಲಿಲ್ಲ. ವಿಮಾನನಿಲ್ದಾಣದ ಮಾಪಕವು ಗಂಟೆಗೆ ೨೧೭ ಕಿಲೋಮೀಟರ್ ವೇಗವನ್ನು ತೋರಿಸಿ ಕೆಟ್ಟುಹೋಯಿತು. ೬೬ ಮಂದಿ ಸತ್ತರು. ನೂರಕ್ಕೆ ೭೦ಕ್ಕಿಂತ ಹೆಚ್ಚು ಮನೆಗಳು ನಾಶವಾದುವು.

ಸಂಗ್ರಹಾಲಯದಲ್ಲಿ ಒಂದು ಕತ್ತಲೆಯ ಕೋಣೆಯಿದೆ. ಆ ರಾತ್ರಿ ಪಾದ್ರಿಯೊಬ್ಬರು ಧ್ವನಿಮುದ್ರಿಸಿದ ಗಾಳಿಯ ಶಬ್ದವನ್ನು ಅಲ್ಲಿ ಕೇಳಬಹುದು. ಎಡೆಬಿಡದ ಮೊರೆತ, ಅದರ ನಡುವೆ ಲೋಹದ ಕರ್ಕಶ ಕಿರುಚು. ಕತ್ತಲೆಯಲ್ಲಿ ನನ್ನ ಪತ್ನಿ ನನ್ನ ಕೈಯನ್ನು ಹಿಡಿದುಕೊಂಡಳು. ಅಂಕಿಗಳಿಂದ ತಿಳಿಯದುದು ಆಗ ಕಿವಿಯಿಂದ ತಿಳಿಯಿತು.

ಹೊರಗೆ ಬಂದಮೇಲೆ ಆಕೆ ಕೇಳಿದಳು: “ಇಷ್ಟಾದ ಮೇಲೂ ಇವರು ಮರಳಿ ಇಲ್ಲಿಗೇ ಏಕೆ ಬಂದರು?”

ನನ್ನಲ್ಲಿ ಉತ್ತರವಿರಲಿಲ್ಲ. ಆಗ ೩೦,೦೦೦ಕ್ಕೂ ಹೆಚ್ಚು ಜನರು ಕೆಲವೇ ದಿನಗಳಲ್ಲಿ ಊರು ಬಿಟ್ಟಿದ್ದರು. ಅವರಲ್ಲಿ ಎಷ್ಟೋ ಮಂದಿ ಮರಳಲೇ ಇಲ್ಲ. ಮರಳಿದವರಾದರೂ ಹಿಂದಿನಂತೆ ಕಟ್ಟಿಕೊಳ್ಳಲಿಲ್ಲ. ಗಾಳಿ ಮತ್ತೆ ಮತ್ತೆ ಜಗ್ಗಿದುದರಿಂದ ಮಾಡಿನ ತಗಡುಗಳು ಮೊಳೆಯ ಸುತ್ತ ಬಿರಿದು ಹಾರಿಹೋದುವೆಂಬುದನ್ನು ಇಂಜಿನಿಯರುಗಳು ಕಂಡುಕೊಂಡರು. ಮಾಡನ್ನು ಗೋಡೆಗೂ ಗೋಡೆಯನ್ನು ಅಡಿಪಾಯಕ್ಕೂ ಬಿಗಿಯಬೇಕೆಂಬ ನಿಯಮ ಬಂದಿತು. ಅದಕ್ಕಾಗಿ ೧೯೭೫ರಲ್ಲಿ ಪುನರ್ನಿರ್ಮಾಣ ಆಯೋಗವೂ ಏರ್ಪಟ್ಟಿತು. ನಾನು ಹಳಿದ ಆ ಹೊಸತನವೇ ಊರಿನ ಚರಿತ್ರೆಯಾಗಿದ್ದಿತು.

ಸಂಜೆ, ಹೊರಡುವ ಮುನ್ನ, ನಗರದ ನಡುವಣ ಒಂದು ದೊಡ್ಡ ಮರದ ಬಳಿ ನಿಂತೆವು. ಅಲ್ಲಿಯ ಜನರು ಅದನ್ನು ‘ಜ್ಞಾನವೃಕ್ಷ’ವೆಂದು ಕರೆಯುತ್ತಾರೆ. ಬಾಂಬುಗಳನ್ನೂ ಬಿರುಗಾಳಿಯನ್ನೂ ತಾಳಿಕೊಂಡು ಉಳಿದ ಮರವದು. ನನ್ನ ಪತ್ನಿ ಎಲೆಗಳನ್ನು ನೋಡಿ, “ಇದು ನಮ್ಮ ಬಸರಿ ಮರವಲ್ಲವೆ?” ಎಂದಳು. ಹೌದು, ಅದೇ ಜಾತಿ. ಪರಿಚಿತರೊಬ್ಬರನ್ನು ಕಂಡವಳಂತೆ ಅದರ ಬುಡವನ್ನು ಮುಟ್ಟಿದಳು.

ವಿಮಾನಕ್ಕೆ ಹೊತ್ತಾಗುತ್ತಿದ್ದಿತು. ಇನ್ನೂ ಸ್ವಲ್ಪ ನಿಲ್ಲೋಣವೆಂದವನು ಈ ಸಲ ನಾನು.