ಮೂರು ಶಿಖರಗಳ ಸುತ್ತ ಒಂದು ದಾರಿ



ಆಗಸ್ಟ್ 6ರಂದು ನಾವು ಪ್ರಭು ಯೇಸುವಿನ ರೂಪಾಂತರದ ಹಬ್ಬವನ್ನು ಆಚರಿಸುತ್ತೇವೆ. ಪೇತ್ರ, ಯಾಕೋಬ, ಯೊವಾನ್ನರು ಪ್ರಭುವಿನ ಜೊತೆ ಬೆಟ್ಟ ಹತ್ತಿದರು. ದಿನವೂ ನೋಡುತ್ತಿದ್ದ ಮುಖವನ್ನೇ ಅಲ್ಲಿ ಹೊಸ ಬೆಳಕಿನಲ್ಲಿ ಕಂಡರು. ಯೇಸು ಬೇರೆಯವರಾಗಲಿಲ್ಲ, ಶಿಷ್ಯರಿಗೆ ಅದುವರೆಗೆ ಕಾಣದೇ ಇದ್ದದ್ದು ಅಂದು ಕಂಡಿತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ಇಂದು ನಾವು ಇನ್ನೊಂದು ಬೆಟ್ಟದ ದಾರಿಯನ್ನು ಧ್ಯಾನಿಸೋಣ.

ಇಟಲಿ ದೇಶದ ಉತ್ತರದಲ್ಲಿ ಡೊಲೊಮೈಟ್ಸ್ ಎಂಬ ಪರ್ವತಗಳಿವೆ. ಅಲ್ಲಿ ಒಂದರ ಪಕ್ಕ ಒಂದು ನಿಂತಿರುವ ಮೂರು ಕಲ್ಲಿನ ಶಿಖರಗಳು ಜಗತ್ಪ್ರಸಿದ್ಧ. ನಡುವಿನ ದೊಡ್ಡ ಶಿಖರ 2999 ಮೀಟರ್, ಪಶ್ಚಿಮದ್ದು 2973 ಮೀಟರ್, ಚಿಕ್ಕದು 2857 ಮೀಟರ್ ಎತ್ತರ. ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂಡಿದ ಕೆಸರೇ ಇಂದು ಆಕಾಶಕ್ಕೆ ತಲೆಯೆತ್ತಿ ನಿಂತಿರುವ ಈ ಕಲ್ಲು! ಸಂಜೆಯ ಬಿಸಿಲು ಬಿದ್ದಾಗ ಬಿಳಿ ಬಂಡೆ ಮೊದಲು ಹೊಂಬಣ್ಣಕ್ಕೆ, ಆಮೇಲೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಈ ಶಿಖರಗಳಿಗೆ ಎರಡು ಹೆಸರುಗಳಿವೆ. ದಕ್ಷಿಣದ ಇಟಾಲಿಯನ್ ಭಾಷೆಯವರು 'ತ್ರೆ ಚೀಮೆ' ಎನ್ನುತ್ತಾರೆ; ಮೂರು ಶಿಖರಗಳು ಎಂದರ್ಥ. ಉತ್ತರದ ಜರ್ಮನ್ ಭಾಷೆಯವರು 'ಡ್ರೈ ತ್ಸಿನ್ನೆನ್' ಎನ್ನುತ್ತಾರೆ. ಕೋಟೆ ಗೋಡೆಯ ಮೂರು ತೆನೆಗಳು ಎಂದರ್ಥ. ಬೆಟ್ಟ ಒಂದೇ. ಆದರೆ ಎರಡು ಬದಿಯಿಂದ ಅದು ಒಂದೇ ರೀತಿ ಕಾಣುವುದಿಲ್ಲ. ದಕ್ಷಿಣದಲ್ಲಿ ಒಡೆದ ಬಂಡೆಗಳು, ಜಾರುವ ಕಲ್ಲಿನ ರಾಶಿ. ಹತ್ತಿರ ನಿಂತರೆ ಮೂರು ಶಿಖರಗಳನ್ನು ಬಿಡಿಸಿ ನೋಡುವುದೂ ಕಷ್ಟ. ಉತ್ತರದಲ್ಲಾದರೋ ಸುಮಾರು 500 ಮೀಟರ್ ಎತ್ತರದ, ನೆಟ್ಟಗೆ ಕಡಿದಿಟ್ಟಂಥ ಗೋಡೆ. 1869ರಲ್ಲಿ ಪಾಲ್ ಗ್ರೋಮನ್ ಮತ್ತು ಇಬ್ಬರು ಮಾರ್ಗದರ್ಶಿಗಳು ದೊಡ್ಡ ಶಿಖರವನ್ನು ದಕ್ಷಿಣದ ಕಡೆಯಿಂದ ಮೊದಲು ಹತ್ತಿದರು. ಉತ್ತರದ ಗೋಡೆಯನ್ನು ಹತ್ತಲು 1933ರವರೆಗೆ ಕಾಯಬೇಕಾಯಿತು.

ಎರಡೂ ಮುಖಗಳನ್ನು ನೋಡಬೇಕಾದರೆ ಏನು ಮಾಡಬೇಕು? ಸುತ್ತಿ ಬರಬೇಕು. ಅದಕ್ಕೊಂದು ಕಾಲುದಾರಿಯಿದೆ. ಸುಮಾರು 10 ಕಿಲೋಮೀಟರ್; ನಿಧಾನವಾಗಿ ನಡೆದರೆ ನಾಲ್ಕು ಗಂಟೆ. ಹಗ್ಗ, ಕೊಕ್ಕೆ ಬೇಡ. ಬೇಸಿಗೆಯಲ್ಲಿ ಮಕ್ಕಳೂ ನಡೆಯುತ್ತಾರೆ. ದಕ್ಷಿಣದ ಔರೊಂಜೊ ತಂಗುಮನೆಯಿಂದ ಹೊರಟರೆ ದಾರಿ ಮೊದಲು ಅಗಲ, ಹೆಚ್ಚುಕಡಿಮೆ ಸಮತಟ್ಟು. ಪಕ್ಕದಲ್ಲಿ ಆಲ್ಪಿನಿ ಎಂಬ ಪರ್ವತ ಸೈನಿಕರ ಹೆಸರಿನ ಪುಟ್ಟ ಚಾಪೆಲ್ ಸಿಗುತ್ತದೆ. ಆಮೇಲೆ ಏರು. 2454 ಮೀಟರ್ ಎತ್ತರದ ಲವರೇದೊ ಕಣಿವೆಯ ತುದಿ ತಲುಪಿದಾಗ ಉತ್ತರದ ಗೋಡೆ ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಎದುರಿನ ದಿಣ್ಣೆಯ ಮೇಲಿರುವ ಲೊಕಾತೆಲ್ಲಿ ತಂಗುಮನೆ. ಮೂರೂ ಶಿಖರಗಳು ಬಿಡಿಬಿಡಿಯಾಗಿ, ಪೂರ್ತಿಯಾಗಿ ಕಾಣುವುದು ಅಲ್ಲಿಂದ. ಮತ್ತೆ ತಗ್ಗಿಗೆ ಇಳಿದು, ಹುಲ್ಲುಗಾವಲು ದಾಟಿ, ಇನ್ನೊಂದು ಏರು ಹತ್ತಿ, ಹೊರಟ ಜಾಗಕ್ಕೇ ಬರುತ್ತೇವೆ.

ಪ್ರಿಯರೇ, ಇಷ್ಟು ಸುಂದರವಾದ ಈ ದಾರಿ ಒಂದು ಕಾಲಕ್ಕೆ ರಣರಂಗವಾಗಿತ್ತು. ಅಂದು ಈ ಶಿಖರಗಳೇ ಇಟಲಿಗೂ ಆಸ್ಟ್ರಿಯಾ-ಹಂಗೆರಿಗೂ ಗಡಿ. 1915ರ ಮೇ ತಿಂಗಳಲ್ಲಿ ಯುದ್ಧ ಆರಂಭವಾಯಿತು. ಕೆಲವೇ ದಿನಗಳಲ್ಲಿ ಲೊಕಾತೆಲ್ಲಿಯ ಜಾಗದಲ್ಲಿದ್ದ ಹಳೆಯ ತಂಗುಮನೆ ಫಿರಂಗಿ ಗುಂಡಿಗೆ ನಾಶವಾಯಿತು. ಬಂಡೆ ಕೊರೆದು ಮಾಡಿದ ಸುರಂಗಗಳು, ಕಂದಕಗಳು ಇಂದಿಗೂ ಅಲ್ಲಿವೆ.

ಆ ಎರಡು ಬದಿಯವರು ಯಾರು? ಇತ್ತ ಕಥೋಲಿಕರು, ಅತ್ತಲೂ ಕಥೋಲಿಕರು. ಅದೇ ಶಿಲುಬೆ ಗುರುತು, ಅದೇ ಜಪಸರ, ಅದೇ ಲತೀನ್ ಬಲಿಪೂಜೆ. 1917ರ ಆಗಸ್ಟ್ 1ರಂದು ಪೋಪ್ ಹದಿನೈದನೇ ಬೆನೆಡಿಕ್ಟರು ಯುದ್ಧ ನಿಲ್ಲಿಸುವಂತೆ ಎಲ್ಲ ದೇಶಗಳ ನಾಯಕರನ್ನು ಬೇಡಿಕೊಂಡರು. ಯಾರೂ ಕಿವಿಗೊಡಲಿಲ್ಲ.

ಆ ಹಳೆಯ ತಂಗುಮನೆಯನ್ನು ನಡೆಸುತ್ತಿದ್ದವರು ಸೆಪ್ ಇನ್ನರ್‌ಕೋಫ್ಲರ್. ಹೆಸರಾಂತ ಪರ್ವತ ಮಾರ್ಗದರ್ಶಿ. ವಯಸ್ಸು ಐವತ್ತರ ಹತ್ತಿರ. 1915ರ ಜುಲೈ 4ರಂದು ಅವರು ಕೆಲವು ಸಂಗಡಿಗರೊಡನೆ, ಇಟಲಿ ಸೈನಿಕರು ಹಿಡಿದಿದ್ದ ಪಾಟರ್ನ್‌ಕೋಫೆಲ್ ಶಿಖರವನ್ನು ಹತ್ತಿದರು, ಅಲ್ಲೇ ಮಡಿದರು. ಆಗ ಇಟಲಿಯ ಸೈನಿಕರು ಏನು ಮಾಡಿದರು ಗೊತ್ತೇ? ವೈರಿಯ ದೇಹವೆಂದು ಬಿಟ್ಟುಬಿಡಲಿಲ್ಲ. ಅದೇ ಶಿಖರದ ಮೇಲೆ ಸಮಾಧಿ ಮಾಡಿದರು. 1918ರಲ್ಲಿ ಅವರ ಅವಶೇಷಗಳನ್ನು ಕೆಳಗೆ, ಅವರ ಊರಾದ ಸೆಕ್ಸ್ಟನ್‌ಗೆ ತಂದರು. ಎದುರಾಳಿಗಳ ಕೈಗಳೇ ಮಣ್ಣು ಕೊಟ್ಟವು. ಎದುರಾಳಿಯ ಮುಖವನ್ನು ಹತ್ತಿರದಿಂದ ಕಂಡಾಗ ಮನುಷ್ಯನ ಮುಖವೇ ಕಂಡಿತು. ಆದರೆ ಅಷ್ಟರಲ್ಲಿ ಒಂದು ಜೀವ ಹೋಗಿತ್ತು. ಅದಕ್ಕೆ ಮುಂಚೆಯೇ ಕಂಡಿದ್ದರೆ!

ಈಗ ನಮ್ಮ ಮನೆಗಳತ್ತ ನೋಡೋಣ. ನಮ್ಮ ಧರ್ಮಕೇಂದ್ರಗಳಲ್ಲಿ ಪರಸ್ಪರ ಮಾತಿಲ್ಲದ ಅಣ್ಣತಮ್ಮಂದಿರು ಇಲ್ಲವೇ? ಅಪ್ಪನ ಜಮೀನಿನ ಬೇಲಿ ಅರ್ಧ ಅಡಿ ಆಚೀಚೆಯಾಯಿತೆಂದು ಹತ್ತು ವರ್ಷ ಕೋರ್ಟಿಗೆ ಅಲೆಯುವವರಿಲ್ಲವೇ? ಒಂದೇ ದೇವಾಲಯದಲ್ಲಿ ಒಬ್ಬರು ಬಲಗಡೆ, ಇನ್ನೊಬ್ಬರು ಎಡಗಡೆ ಕೂರುತ್ತಾರೆ; ಒಂದೇ ಪ್ರಸಾದ ಸ್ವೀಕರಿಸುತ್ತಾರೆ; ಹೊರಗೆ ಬಂದರೆ ಮುಖ ತಿರುಗಿಸುತ್ತಾರೆ. ಅಣ್ಣನಿಗೆ ಕಾಣುವುದು ಜಾರುವ ಕಲ್ಲಿನ ರಾಶಿ. ತಮ್ಮನಿಗೆ ಕಾಣುವುದು ಕೋಟೆ ಗೋಡೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಸುತ್ತಿ ಬಂದಿಲ್ಲ, ಅಷ್ಟೇ.

ಸುತ್ತಿ ಬರುವುದೆಂದರೆ ಸೋಲುವುದಲ್ಲ. ಹೊರಟ ಜಾಗಕ್ಕೇ ತಿರುಗಿ ಬರುತ್ತೇವೆ. ನಮ್ಮ ಮನೆ ನಮ್ಮದೇ, ನಮ್ಮ ಹಕ್ಕು ನಮ್ಮದೇ. ಆದರೆ ತಮ್ಮನ ಅಂಗಳದಿಂದ ಆ ಬೇಲಿ ಹೇಗೆ ಕಾಣುತ್ತದೆಂದು ತಿಳಿದು ಬಂದಿರುತ್ತೇವೆ. ಗಂಡ ಹೆಂಡತಿಯ ಕಡೆಯಿಂದ, ಅತ್ತೆ ಸೊಸೆಯ ಕಡೆಯಿಂದ, ತಂದೆ ಮಗನ ಕಡೆಯಿಂದ ಒಮ್ಮೆ ನೋಡಿದರೆ ಎಷ್ಟೋ ಮನೆಗಳಲ್ಲಿ ದೀಪ ಹತ್ತೀತು. ಏರು ಇದೆ, ನಿಜ. ಮೊದಲ ಹೆಜ್ಜೆ ಇಡುವವರಿಗೆ ಎದೆ ಬಡಿದುಕೊಳ್ಳುತ್ತದೆ. ಆದರೂ ಅದು ಮಕ್ಕಳು ನಡೆಯಬಲ್ಲ ದಾರಿ.

ಅಂದು ಪೇತ್ರ ಬೆಟ್ಟದ ಮೇಲೆಯೇ ಮೂರು ಗುಡಾರ ಕಟ್ಟಿ ಉಳಿಯಬಯಸಿದ. ಪ್ರಭು ಅವನನ್ನು ಕೆಳಗೆ, ಜನರ ನಡುವೆ ಕರೆತಂದರು. ತ್ರೆ ಚೀಮೆಯ ದಾರಿಯಲ್ಲಿ ಇಂದು ಕಾವಲುಗಾರರಿಲ್ಲ. ಯುದ್ಧದ ನಂತರ ದೇಶದ ಗಡಿ ಉತ್ತರಕ್ಕೆ ಸರಿಯಿತು. 2009ರಲ್ಲಿ ಯುನೆಸ್ಕೊ ಡೊಲೊಮೈಟ್ಸನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎರಡೂ ಭಾಷೆಯವರು ಎದುರುಬದುರಾಗಿ ನಡೆದು ಹೋಗುತ್ತಾರೆ. ಗುಂಡು ಹಾರಿದ ಜಾಗದಲ್ಲಿ ಇದು ಸಾಧ್ಯವಾದರೆ, ಒಂದು ಬೇಲಿಯ ಎರಡು ಬದಿಯಲ್ಲಿ ಸಾಧ್ಯವಾಗದೇ?

ಈ ಹಬ್ಬದ ವಾರದಲ್ಲಿ ಮಾತು ಬಿಟ್ಟ ಒಂದು ಮನೆಯ ಮೆಟ್ಟಿಲನ್ನಾದರೂ ಹತ್ತೋಣ. ಅಲ್ಲಿ ಕಾಣುವ ಮುಖದಲ್ಲಿ ನಮ್ಮ ಅಣ್ಣನನ್ನು, ತಂಗಿಯನ್ನು ಮತ್ತೆ ಕಾಣುವ ಕಣ್ಣನ್ನು ಪ್ರಭು ನಮಗೆಲ್ಲರಿಗೂ ಕೊಡಲಿ. ಆಮೆನ್.