ಬೇರೆ ಬಗೆಯಾಗಿ ಬೆಳೆಯುವ ಮಗು ಮತ್ತು ದಂಪತಿಗಳ ಮನೋಬಲ

(ಗ್ರಾಮೀಣ ದಂಪತಿಗಳ ಶಿಬಿರದಲ್ಲಿ ಮಾಡಿದ ಭಾಷಣ)



ಕುಟುಂಬ ಕಲ್ಯಾಣವೆಂದೊಡನೆ ಬಸಿರು, ಬಾಣಂತನ, ಲಸಿಕೆ, ಮಕ್ಕಳ ನಡುವಣ ಅಂತರ ಇವುಗಳೇ ನೆನಪಿಗೆ ಬರುವುದು ಸಹಜ. ಇಂದು ನಾನು ಆಯ್ದುಕೊಂಡಿರುವ ವಿಷಯವೂ ಇವುಗಳ ಸಾಲಿಗೇ ಸೇರಬೇಕಾದುದು. ಆದರೆ ನಮ್ಮ ಹಳ್ಳಿಗಳಲ್ಲಿ ಅದು ಮನೆಯ ಒಳಕೋಣೆಯಲ್ಲಿಯೇ ಉಳಿದುಹೋಗಿದೆ. ಕೆಲವು ಮಕ್ಕಳ ಮಿದುಳು ಮೊದಲಿನಿಂದಲೇ ಉಳಿದವರಿಗಿಂತ ಬೇರೊಂದು ಬಗೆಯಲ್ಲಿ ಬೆಳೆಯುತ್ತದೆ. ಅಂತಹ ಮಗುವಿನ ಮನಸ್ಸಿಗೂ, ಅದನ್ನು ಸಾಕುವ ತಂದೆತಾಯಿಗಳ ಮನಸ್ಸಿಗೂ ಯಾವ ಆಸರೆ ಬೇಕು ಎಂಬುದೇ ಈ ಹೊತ್ತಿನ ಮಾತು.

ಇಂತಹ ಮಕ್ಕಳಲ್ಲಿ ಹಲವು ಬಗೆ. ಹೆಸರು ಹಿಡಿದು ಕರೆದರೂ ತಿರುಗಿ ನೋಡದ, ಹುಣಸೆ ಬೀಜಗಳನ್ನು ಸಾಲಾಗಿ ಜೋಡಿಸುತ್ತ ಗಂಟೆಗಟ್ಟಲೆ ತನ್ನಲ್ಲೇ ಮುಳುಗಿರುವ, ಕೇಳಿದ ಮಾತನ್ನೇ ಮತ್ತೆ ಮತ್ತೆ ನುಡಿಯುವ ಮಗು ಒಂದು ಬಗೆ. ಇದನ್ನು ಆಟಿಸಂ ಅಥವಾ ಸ್ವಲೀನತೆ ಎನ್ನುತ್ತಾರೆ. ಒಂದೆಡೆ ಕುಳಿತುಕೊಳ್ಳಲಾರದ, ಹಿಡಿದ ಕೆಲಸವನ್ನು ಮುಗಿಸಲಾರದ, ಹಿಂದುಮುಂದು ನೋಡದೆ ನುಗ್ಗುವ ಅತಿಚಟುವಟಿಕೆಯ ಮಗು ಇನ್ನೊಂದು ಬಗೆ. ಮಾತಿನಲ್ಲಿ ಚುರುಕಾಗಿದ್ದೂ ಅಕ್ಷರ ಕೂಡಿಸಿ ಓದಲು ತಡವರಿಸುವ ಮಗುವಿಗೆ ಕಲಿಕಾ ನ್ಯೂನತೆ ಇರಬಹುದು. ಬುದ್ಧಿಯ ಬೆಳವಣಿಗೆಯೇ ನಿಧಾನವಾಗಿರುವ ಮಕ್ಕಳೂ ಉಂಟು. ಒಂದೇ ಮಗುವಿನಲ್ಲಿ ಇವುಗಳಲ್ಲಿ ಎರಡು ಕೂಡಿಬರುವುದೂ ಅಪರೂಪವಲ್ಲ. ನಮ್ಮ ದೇಶದ ಐದು ಪ್ರದೇಶಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಕಿವಿ ಮತ್ತು ಕಣ್ಣಿನ ದೋಷ, ಮೂರ್ಛೆರೋಗ ಮೊದಲಾದವುಗಳನ್ನೂ ಸೇರಿಸಿ ಎಣಿಸಿದರೆ, 2ರಿಂದ 9 ವರ್ಷದ ಸುಮಾರು 8 ಮಕ್ಕಳಲ್ಲಿ ಒಬ್ಬರಿಗೆ ಇಂತಹ ಯಾವುದಾದರೊಂದು ತೊಡಕು ಇರುವುದೆಂದು ತಿಳಿಸಿದೆ. ಅಂದಮೇಲೆ ಇದು ಯಾವುದೋ ಒಂದು ಮನೆಗೆ ತಗುಲಿದ ಶಾಪವೆನ್ನಲು ಆಧಾರವಿಲ್ಲ.

ಆದರೂ ಶಾಪವೆಂದೇ ಎಣಿಸುತ್ತೇವೆ. ಎಣಿಸಿ ಅದನ್ನು ಹೊರಿಸುವುದು ಯಾರ ತಲೆಗೆ? ತಾಯಿಯ ತಲೆಗೆ. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳಂತೆ, ತಿನ್ನಬಾರದ್ದನ್ನು ತಿಂದಳಂತೆ, ಅವಳ ತವರಿನ ಕಡೆಯಲ್ಲಿಯೇ ಯಾರಿಗೋ ಹೀಗಿತ್ತಂತೆ, ಹೀಗೆ ಅಂತೆಕಂತೆಗಳ ರಾಶಿಯೇ ಬೆಳೆಯುತ್ತದೆ. ಓದು ಬಲ್ಲವರೂ ಈ ದೋಷದಿಂದ ಹೊರತಾಗಿರಲಿಲ್ಲ ಎಂಬುದನ್ನು ತಮಗೆ ತಿಳಿಸಬೇಕು. ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಅವರು 1943ರಲ್ಲಿ 11 ಮಕ್ಕಳನ್ನು ಪರೀಕ್ಷಿಸಿ ಆಟಿಸಂ ಕುರಿತ ತಮ್ಮ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಎರಡು ದಶಕಗಳ ಕಾಲ, ತಾಯಿಯ ಪ್ರೀತಿ ತಣ್ಣಗಿದ್ದುದರಿಂದಲೇ ಮಗು ಹೀಗಾಯಿತೆಂದು ದೊಡ್ಡ ದೊಡ್ಡ ಪಂಡಿತರೇ ಬರೆದರು. ತಾಯಂದಿರು ತಲೆತಗ್ಗಿಸಿ ಅದನ್ನು ಕೇಳಬೇಕಾಯಿತು. 1964ರಲ್ಲಿ ಬರ್ನಾರ್ಡ್ ರಿಮ್ಲಂಡ್ ಎಂಬ ಮನಶ್ಶಾಸ್ತ್ರಜ್ಞರು, ಸ್ವತಃ ಅಂತಹ ಮಗನ ತಂದೆ, ಈ ವಾದಕ್ಕೆ ಆಧಾರವೇ ಇಲ್ಲವೆಂದು ಗ್ರಂಥವೊಂದನ್ನು ಬರೆದು ತೋರಿಸಿದರು. 1969ರಲ್ಲಿ ಕ್ಯಾನರ್ ಅವರೇ ತಂದೆತಾಯಿಗಳ ಸಂಘದ ಸಭೆಯಲ್ಲಿ ನಿಂತು ಹೆತ್ತವರು ನಿರ್ದೋಷಿಗಳೆಂದು ಸಾರಿದರು. 1977ರಲ್ಲಿ ಇಂಗ್ಲೆಂಡಿನಲ್ಲಿ ಅವಳಿ ಮಕ್ಕಳನ್ನು ಕುರಿತು ನಡೆದ ಅಧ್ಯಯನವು ಇದರ ಬೇರು ಬಹುಮಟ್ಟಿಗೆ ಹುಟ್ಟಿನಲ್ಲಿಯೇ ಇದೆಯೆಂಬುದನ್ನು ತೋರಿಸಿತು. ವಿಜ್ಞಾನವು ತಾಯಿಯನ್ನು ಬಿಡುಗಡೆ ಮಾಡಿ ಅರ್ಧ ಶತಮಾನ ಕಳೆದಿದೆ. ನಮ್ಮ ಹಟ್ಟಿ ಜಗಲಿಗಳಲ್ಲಿ ಆ ತೀರ್ಪು ಇನ್ನೂ ಓದಲ್ಪಟ್ಟಿಲ್ಲ.

ಒಮ್ಮೆ ನಮ್ಮ ಕೇಂದ್ರಕ್ಕೆ ಬಂದಿದ್ದ ರೈತ ದಂಪತಿಗಳ ವಿಚಾರ ಹೇಳುತ್ತೇನೆ. ಮಗನಿಗೆ ನಾಲ್ಕು ವರ್ಷ, ಮಾತಿಲ್ಲ. ಆಕೆ ಒಂದೂವರೆ ವರ್ಷದಿಂದ ಮಗುವಿನೊಡನೆ ತವರಿನಲ್ಲಿದ್ದಳು, ಅತ್ತೆಯವರು ಕಳುಹಿಸಿದ್ದರು. ಇದು ಯಾರ ತಪ್ಪಿನಿಂದಲೂ ಬಂದುದಲ್ಲವೆಂದು ವಿವರಿಸುತ್ತಿದ್ದಾಗ ಆ ಗಂಡಸು, “ಹಂಗಾದ್ರೆ ಇವಳದೇನೂ ತಪ್ಪಿಲ್ವಾ ಸಾರ್?” ಎಂದು ಎರಡು ಬಾರಿ ಕೇಳಿದ. ಇಲ್ಲವೆಂದೆ. ಅವನು ಎದ್ದು ಹೋಗಿ ಕಿಟಕಿಯ ಬಳಿ ನಿಂತ. ಆಕೆ ಮಾತ್ರ ಅಳಲಿಲ್ಲ; ಮಗುವಿನ ಅಂಗಿಯ ಗುಂಡಿ ಹಾಕುತ್ತ ಕುಳಿತಿದ್ದಳು. ಮುಂದಿನ ತಿಂಗಳು ಮೂವರೂ ಒಂದೇ ಬೈಕಿನಲ್ಲಿ ಬಂದರು. ಮಗುವಿಗೆ ನಾವು ಇನ್ನೂ ಏನನ್ನೂ ಕಲಿಸಿರಲಿಲ್ಲ. ಆದರೆ ಚಿಕಿತ್ಸೆಯ ಮುಖ್ಯವಾದ ಭಾಗ ಅಷ್ಟರಲ್ಲಿ ನಡೆದುಹೋಗಿತ್ತೆಂದೇ ನನ್ನ ಅಭಿಪ್ರಾಯ.

ಏಕೆಂದರೆ ಇಂತಹ ಮಗುವನ್ನು ಬೆಳೆಸುವುದು ಒಬ್ಬರ ಕೈಯ ಕೆಲಸವಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೂಗುವ ಮಗು, ಬೆಳಿಗ್ಗೆ ಐದಕ್ಕೆ ಹಾಲು ಕರೆಯಬೇಕಾದ ತಾಯಿ, ಇವರಿಬ್ಬರ ನಡುವೆ ಮೂರನೆಯವರೊಬ್ಬರು ಇರಲೇಬೇಕು. ಗಂಡಂದಿರಿಗೆ ನನ್ನ ನೇರವಾದ ಮಾತು ಇದು: ದಿನಕ್ಕೆ ಒಂದು ಗಂಟೆ ಮಗು ಪೂರ್ತಿಯಾಗಿ ನಿಮ್ಮ ವಶದಲ್ಲಿರಲಿ. ಆ ಒಂದು ಗಂಟೆ ಆಕೆ ಮಲಗಲಿ, ದೇವಸ್ಥಾನಕ್ಕೆ ಹೋಗಲಿ, ಸಂಘದ ಸಭೆಗೆ ಹೋಗಲಿ, ಸುಮ್ಮನೆ ಕುಳಿತಿರಲಿ. “ನಾನು ದುಡಿದು ತರುತ್ತೇನೆ, ನೀನು ನೋಡಿಕೋ” ಎಂಬ ವಿಂಗಡಣೆ ಇಲ್ಲಿ ಸಾಗುವುದಿಲ್ಲ.

ಇನ್ನು ಮಗುವಿನ ಮನಸ್ಸು. ಈ ಮಕ್ಕಳ ಹಟವೆಂದು ನಾವು ಕರೆಯುವುದು ಅನೇಕ ವೇಳೆ ಹಟವಲ್ಲ. ಜಾತ್ರೆಯ ತಮಟೆಯ ಸದ್ದು ನಮಗೆ ಉತ್ಸಾಹವನ್ನು ತಂದರೆ, ಆಟಿಸಂ ಇರುವ ಮಗುವಿನ ಕಿವಿಗೆ ಅದು ಕಾದ ಎಣ್ಣೆಯಂತೆ ಬೀಳಬಹುದು. ಅದು ಕಿವಿ ಮುಚ್ಚಿ ನೆಲಕ್ಕೆ ಬಿದ್ದು ಹೊರಳಿದರೆ ನೋಟ ತಪ್ಪಿಸಿಕೊಳ್ಳಲಾರದೆ ನಾವು ಹೊಡೆಯುತ್ತೇವೆ. ಹೊಡೆತದಿಂದ ಸದ್ದು ಕಡಿಮೆಯಾಗುವುದಿಲ್ಲ, ಭಯವೊಂದು ಹೆಚ್ಚಾಗುತ್ತದೆ. ಮಾಡಬೇಕಾದುದು ಮಗುವನ್ನು ಎತ್ತಿಕೊಂಡು ಸದ್ದಿಲ್ಲದ ಕಡೆಗೆ ನಡೆಯುವುದು, ಮಾತನ್ನು ಕಡಿಮೆ ಮಾಡುವುದು, ಅದು ತಾನಾಗಿ ತಣಿಯುವವರೆಗೆ ಬಳಿಯಲ್ಲಿರುವುದು. ಯಾವ ಹೊತ್ತಿಗೆ, ಯಾವ ಸ್ಥಳದಲ್ಲಿ, ಯಾವುದರ ನಂತರ ಹೀಗಾಯಿತೆಂದು ನಾಲ್ಕಾರು ಬಾರಿ ಗಮನಿಸಿದರೆ ಕಾರಣ ತಾನೇ ಹೊಳೆಯುತ್ತದೆ. ಮಾತು ಬಾರದ ಮಗುವಿಗೆ ಹಲ್ಲುನೋವು, ಕಿವಿನೋವು, ಮಲಬದ್ಧತೆಗಳನ್ನು ತಿಳಿಸುವ ದಾರಿಯೂ ಅದೊಂದೇ ಆಗಿರಬಹುದು. ಆದುದರಿಂದ ನಡತೆ ಇದ್ದಕ್ಕಿದ್ದಂತೆ ಕೆಟ್ಟರೆ ಮೊದಲು ಮೈಯನ್ನು ಪರೀಕ್ಷಿಸಬೇಕು.

ದಿನಚರಿ ಒಂದೇ ಕ್ರಮದಲ್ಲಿ ನಡೆದರೆ ಈ ಮಕ್ಕಳಿಗೆ ಎಷ್ಟೋ ನೆಮ್ಮದಿ. ಸ್ನಾನ, ಊಟ, ಆಟ, ನಿದ್ರೆ ಹೀಗೆ ಮುಂದೇನು ಎಂಬುದು ತಿಳಿದಿರಬೇಕು. ಗೋಡೆಗೆ ಚಿತ್ರಗಳನ್ನು ಅಂಟಿಸಿ ತೋರಿಸಬಹುದು. ಊರಿಗೆ ಹೋಗುವುದಿದ್ದರೆ ಹಿಂದಿನ ದಿನವೇ ಹೇಳಬೇಕು. ಅತಿಚಟುವಟಿಕೆಯ ಮಗುವಿಗೆ “ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಪುಸ್ತಕ ತೆಗೆದುಕೊಂಡು ಬಾ” ಎಂದರೆ ಮೂರೂ ಕೆಡುತ್ತವೆ. ಒಂದೊಂದಾಗಿ ಹೇಳಿ, ಒಂದೊಂದಕ್ಕೂ ಭೇಷ್ ಎನ್ನಬೇಕು. ಆಟವಾಡಿಸುವಾಗ ನಮ್ಮ ಆಟಕ್ಕೆ ಮಗುವನ್ನು ಎಳೆಯುವುದಕ್ಕಿಂತ ಅದರ ಆಟಕ್ಕೆ ನಾವು ಸೇರುವುದು ಉತ್ತಮ. ಅದು ಬೀಜ ಜೋಡಿಸುತ್ತಿದ್ದರೆ ಎದುರಿಗೆ ಕುಳಿತು ನೀವೂ ಒಂದು ಬೀಜ ಇಡಿ. “ಬೀಜ” ಎನ್ನಿ. ಸುಮ್ಮನಿದ್ದು ಕಾಯಿರಿ. ಅದು ಒಮ್ಮೆ ನಿಮ್ಮ ಕೈಯತ್ತ ನೋಡಿದರೆ ಆ ದಿನದ ಪಾಠ ಆಯಿತೆಂದೇ ತಿಳಿಯಿರಿ.

ಇದಕ್ಕೆಲ್ಲ ಪಟ್ಟಣದ ತಜ್ಞರೇ ಬೇಕಲ್ಲವೇ ಎಂದು ತಾವು ಕೇಳಬಹುದು. ನೆರೆಯ ಗೋವಾದಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ 65 ಮಕ್ಕಳ ಕುಟುಂಬಗಳೊಡನೆ ಒಂದು ಪ್ರಯೋಗ ನಡೆದು 2016ರಲ್ಲಿ ಅದರ ಫಲ ಪ್ರಕಟವಾಯಿತು. ಅಲ್ಲಿ ತಂದೆತಾಯಿಗಳಿಗೆ ತರಬೇತಿ ಕೊಟ್ಟವರು ತಜ್ಞ ವೈದ್ಯರಲ್ಲ. ತರಬೇತಿ ಹೊಂದಿದ ಸಾಮಾನ್ಯ ಕಾರ್ಯಕರ್ತರು. ಮಗುವಿನ ಮನಸ್ಸು ಎಲ್ಲಿದೆಯೋ ಅಲ್ಲಿಗೆ ಹೋಗಿ ಮಾತನಾಡುವುದನ್ನು ಹೆತ್ತವರು ಕಲಿತರು. ಮಕ್ಕಳು ತಾವಾಗಿ ಮುಂದಾಗಿ ತಂದೆತಾಯಿಗಳೊಡನೆ ವ್ಯವಹರಿಸುವುದು ಹೆಚ್ಚಿತು. ಆಟಿಸಂ ಹೋಗಲಿಲ್ಲ, ಹೋಗುವುದೂ ಇಲ್ಲ. ಮನೆಯಲ್ಲಿ ಒಬ್ಬರನ್ನೊಬ್ಬರು ತಲಪುವುದು ಸಾಧ್ಯವಾಯಿತು.

ಪೂರ್ತಿ ಗುಣಪಡಿಸುತ್ತೇವೆಂದು ಹೇಳುವವರ ವಿಚಾರದಲ್ಲಿ ಎಚ್ಚರವಿರಲಿ. ಆಟಿಸಂ ಗುಣಪಡಿಸುವ ಔಷಧ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಅತಿಚಟುವಟಿಕೆಗೂ ಮೂರ್ಛೆಗೂ ವೈದ್ಯರು ಕೊಡುವ ಔಷಧಗಳು ಬಹಳ ಮಕ್ಕಳಿಗೆ ನೆರವಾಗುತ್ತವೆ, ಅದು ಬೇರೆ ಮಾತು. ಹರಕೆ ಹೊರುವುದನ್ನು ನಾನು ಬೇಡವೆನ್ನುವುದಿಲ್ಲ. ನೊಂದ ಮನಸ್ಸಿಗೆ ದೇವರ ಸನ್ನಿಧಿ ಸಮಾಧಾನ ಕೊಟ್ಟರೆ ಕೊಡಲಿ. ಆದರೆ ಮಗುವಿನ ಮೈಗೆ ಬರೆ ಎಳೆಯುವುದು, ಕಂಬಕ್ಕೆ ಕಟ್ಟುವುದು, ಎಮ್ಮೆ ಮಾರಿ ಊರೂರು ತಿರುಗುವುದು ಸಲ್ಲದು. ಮದುವೆ ಮಾಡಿದರೆ ಸರಿಹೋಗುತ್ತಾನೆಂಬ ಮಾತಂತೂ ಇನ್ನೊಬ್ಬರ ಮನೆಯ ಹೆಣ್ಣುಮಗಳ ಬಾಳನ್ನೂ ಹಾಳುಮಾಡುತ್ತದೆ. ಲಸಿಕೆಯಿಂದ ಆಟಿಸಂ ಬರುತ್ತದೆಂದು 1998ರಲ್ಲಿ ಸುದ್ದಿ ಹಬ್ಬಿಸಿದ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ಲಸಿಕೆ ತಪ್ಪಿಸಬೇಡಿರಿ.

ಈಗ ಹೆತ್ತವರ ಆರೋಗ್ಯ. ವಾರಗಟ್ಟಲೆ ನಿದ್ರೆ ಬಾರದಿರುವುದು, ಯಾವುದರಲ್ಲಿಯೂ ಮನಸ್ಸು ನಿಲ್ಲದಿರುವುದು, ಕಾರಣವಿಲ್ಲದೆ ಅಳು ಬರುವುದು, ಗಂಡಸಾದರೆ ಕುಡಿತ ಹೆಚ್ಚುವುದು, ಇವು ದೌರ್ಬಲ್ಯವಲ್ಲ, ಖಿನ್ನತೆಯ ಚಿಹ್ನೆಗಳು. ಇವಕ್ಕೆ ಚಿಕಿತ್ಸೆ ಇದೆ. “ನಾನೂ ಮಗುವೂ ಒಟ್ಟಿಗೆ ಹೋಗಿಬಿಡೋಣ” ಎಂಬ ಯೋಚನೆ ಕೆಲವು ತಾಯಂದಿರಿಗೆ ಬರುವುದುಂಟು. ಬಂದಿದ್ದರೆ ನಾಚಬೇಕಾಗಿಲ್ಲ, ಮುಚ್ಚಿಡಲೂ ಬಾರದು. ಅಂದೇ ಯಾರಿಗಾದರೂ ಹೇಳಬೇಕು. 2022ರಿಂದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯಿದೆ, ಸಂಖ್ಯೆ 14416. ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು.

ಮನೆಯ ಉಳಿದ ಮಕ್ಕಳನ್ನೂ ಮರೆಯಬಾರದು. ಅಣ್ಣನ ಕಾವಲಿಗೆಂದು ಎಂಟು ವರ್ಷದ ತಂಗಿಯನ್ನು ಶಾಲೆ ಬಿಡಿಸಿದರೆ ಒಂದು ಮಗುವಿನ ಕಷ್ಟ ಎರಡಾಯಿತು. ಇನ್ನೊಂದು ಮಗು ಬೇಕೆನ್ನುವ ದಂಪತಿಗಳು ಕೇಳುವ ಪ್ರಶ್ನೆಯೂ ಇದೆ. ಒಂದು ಮಗುವಿಗೆ ಆಟಿಸಂ ಇದ್ದರೆ ಮುಂದಿನದಕ್ಕೂ ಬರುವ ಸಂಭವ ಸಾಮಾನ್ಯರಿಗಿಂತ ಹೆಚ್ಚು. ಆದರೂ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ರಕ್ತಸಂಬಂಧದಲ್ಲಿ ಮದುವೆಯಾದವರು ಮಾತ್ರ ವೈದ್ಯರ ಸಲಹೆ ಪಡೆದೇ ಮುಂದುವರಿಯುವುದು ಲೇಸು, ಬುದ್ಧಿಯ ಬೆಳವಣಿಗೆಯನ್ನು ಕುಂಠಿಸುವ ಕೆಲವು ರೋಗಗಳು ಅಂತಹ ಸಂಬಂಧಗಳಲ್ಲಿ ಹೆಚ್ಚಾಗಿ ಕಾಣುತ್ತವೆ.

ಸಂದೇಹ ಬಂದರೆ ಕಾಯಬೇಡಿರಿ. ಒಂದು ವರ್ಷವಾದರೂ ಹೆಸರಿಗೆ ತಿರುಗದಿದ್ದರೆ, ಎರಡು ವರ್ಷವಾದರೂ ಎರಡು ಪದ ಕೂಡಿಸಿ ಆಡದಿದ್ದರೆ, ಬಂದಿದ್ದ ಮಾತು ಯಾವ ವಯಸ್ಸಿನಲ್ಲಾದರೂ ನಿಂತುಹೋದರೆ, ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಮೊದಲು ಕಿವಿಯ ಪರೀಕ್ಷೆ ಆಗಬೇಕು. ಅಂಗನವಾಡಿ ಮತ್ತು ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಮಗುವನ್ನು ಜಿಲ್ಲಾಸ್ಪತ್ರೆಗೆ ಕಳುಹಿಸಿಕೊಡುತ್ತದೆ. ಅಲ್ಲಿಂದ ಮುಂದೆ ಅಗತ್ಯವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ, ಕಲಿಕಾ ನ್ಯೂನತೆ, ಬೌದ್ಧಿಕ ಅಸಮರ್ಥತೆ ಮೂರೂ ಸೇರಿವೆ. ಗುರುತಿನ ಚೀಟಿಗೆ ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ.

“ನಾವು ಸತ್ತ ಮೇಲೆ ಇವನಿಗೆ ಯಾರು?” ಎಂಬುದು ನಾನು ಎಲ್ಲ ಕಡೆಯೂ ಕೇಳಿರುವ ಪ್ರಶ್ನೆ. ಪೂರ್ತಿ ಉತ್ತರ ನನ್ನಲ್ಲಿಲ್ಲ. ಒಂದು ಭಾಗಕ್ಕೆ ಕಾನೂನಿನಲ್ಲಿ ದಾರಿಯಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ, ಆಟಿಸಂ, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ಅಸಮರ್ಥತೆ ಅಥವಾ ಬಹುವಿಧ ವೈಕಲ್ಯ ಇರುವವರಿಗೆ 18 ವರ್ಷ ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಡಲು ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬಹುದು. ಯಾರು ಪೋಷಕರಾಗಬೇಕೆಂಬುದನ್ನು ಗಂಡಹೆಂಡಿರಿಬ್ಬರೂ ಆರೋಗ್ಯವಾಗಿರುವಾಗಲೇ, ಆ ಬಂಧುವನ್ನು ಎದುರಿಗೆ ಕೂರಿಸಿಕೊಂಡು, ಮಾತನಾಡಿ ತೀರ್ಮಾನಿಸಿಕೊಳ್ಳಬೇಕು. ಅರ್ಜಿಯ ನಮೂನೆಯನ್ನು ಹೇಗೆ ತುಂಬಬೇಕೆಂಬುದನ್ನು ಊಟದ ನಂತರ ಇಲ್ಲಿಯೇ ತೋರಿಸಿಕೊಡಲಾಗುವುದು. ಅಂತಹ ಮಕ್ಕಳಿರುವವರು ದಯವಿಟ್ಟು ದಂಪತಿಸಹಿತರಾಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಬೇಕು.